ಹದಿನೇಳನೆಯ ಜೋಡಿ

ಜನವರಿ 11

ಮೇಷ್ಟ್ರಿಗೆ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ನಿಮ್ಮ ಮಗಳು ಹೇಳಿದರು. ಹಾಗಾಗಿ ಕಾಗದ. ನೀವು ಲ್ಯಾಬು ಬಿಟ್ಟು ಒಂಬತ್ತು ವರ್ಷವಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದವಳು ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಎಂದು ನೀವು ಬೈದುಕೊಂಡರೂ ತಪ್ಪಿಲ್ಲ.

ವಿಷಯ ಇಷ್ಟು. ಇನ್ನು ಮುಂದೆ ನಮಗೂ ಲೈಸೆನ್ಸ್ ಬೇಕಂತೆ, ಡ್ರೈವರಿಗೂ ಡಾಕ್ಟರಿಗೂ ಇರುವ ಹಾಗೆ. ಅದಕ್ಕೆಂದೇ ಹೊಸದಾಗಿ ಒಂದು ಮಂಡಳಿ ಮಾಡಿದ್ದಾರೆ. ಈ ವರ್ಷ ಮುಗಿದ ಮೇಲೆ ಲೈಸೆನ್ಸ್ ಇಲ್ಲದವರು ಬೆರಳಚ್ಚಿನ ವರದಿಗೆ ಸಹಿ ಹಾಕುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿ ಹೇಳುವಂತಿಲ್ಲ. ವಿಜ್ಞಾನದ ಪದವಿ ಇರಬೇಕು, ಅದಿದೆ. ಸಂಖ್ಯಾಶಾಸ್ತ್ರ ಓದಿರಬೇಕು, ಅದಿಲ್ಲ. ಶನಿವಾರ, ಭಾನುವಾರ ಕ್ಲಾಸಿಗೆ ಹೋಗುತ್ತಿದ್ದೇನೆ. ಮೊದಲ ದಿನ ನಾನು ಒಳಗೆ ಹೋದ ಕೂಡಲೇ ಮುಂದಿನ ಬೆಂಚಿನವರೆಲ್ಲ ಎದ್ದು ನಿಂತರು, ಪಾಠ ಮಾಡುವವಳು ನಾನೇ ಎಂದುಕೊಂಡು. ಹಿಂದಿನ ಬೆಂಚಿಗೆ ಹೋಗಿ ಕೂತಾಗ ಒಬ್ಬಳು ನಗು ತಡೆಯಲಾರದೆ ಕೆಮ್ಮಿದಳು.

ಬರವಣಿಗೆಯ ಪರೀಕ್ಷೆ ಮಾರ್ಚಿನಲ್ಲಿ. ಏಪ್ರಿಲ್‌ನಲ್ಲಿ ಪ್ರಾಯೋಗಿಕ ಪರೀಕ್ಷೆ: ಮೂವತ್ತು ಜೋಡಿ ಬೆರಳಚ್ಚು ಕೊಡುತ್ತಾರೆ. ಪ್ರತಿ ಜೋಡಿಯೂ ಒಂದೇ ಬೆರಳಿನದೋ, ಬೇರೆ ಬೇರೆಯದೋ, ಹೇಳಲಾಗದೋ ಎಂದು ಬರೆಯಬೇಕು. ಇಪ್ಪತ್ತೊಂದು ವರ್ಷ ಕೂತು ಸವೆಸಿದ ಕುರ್ಚಿಯಲ್ಲಿ ಕೂರಲು ಅರ್ಹತೆ ಇದೆಯೇ ಎಂದು ಕೇಳಿದ ಹಾಗೆ. ಇರಲಿ, ನಿರ್ದೇಶಕರು ನಮ್ಮ ಲ್ಯಾಬಿನಿಂದ ಮೊದಲ ಹೆಸರು ನನ್ನದೇ ಕಳಿಸಿದ್ದಾರೆ.

ನಿಮ್ಮಿಂದ ಬೇಕಾದದ್ದು ಒಂದು ಸಹಿ. ಮೊದಲ ಎರಡು ವರ್ಷ ನಿಮ್ಮ ಕೈಕೆಳಗೆ ಕಲಿತೆ ಎಂಬ ಸರ್ಟಿಫಿಕೇಟು, ಜೊತೆಗೆ ಆ ಕಾಲದ ಹತ್ತು ಕೇಸುಗಳ ಪಟ್ಟಿ. ಫಾರಂ ಇದರ ಜೊತೆಗಿದೆ. ಕೊನೆಯ ಪುಟದ ಕೆಳಗೆ ಸಹಿ ಮಾಡಿ ಕಳಿಸಿದರೆ ಸಾಕು.

ನಿಮ್ಮ ಗುಬ್ಬಿ

---

ಜನವರಿ 30

ಪ್ರೀತಿಯ ಗುಬ್ಬಿಗೆ ಆಶೀರ್ವಾದಗಳು.

ಕಾಗದ ಬಂತು. ಎತ್ತರದ ಸ್ಟೂಲಿನ ತುದಿಯಲ್ಲಿ ಕೂತು, ಕಾಲು ನೆಲಕ್ಕೆ ಎಟಕದೆ, ಮಸೂರ ಕಣ್ಣಿಗೆ ಒತ್ತಿಕೊಂಡಿದ್ದ ಹುಡುಗಿಗೆ ಆ ಹೆಸರಿಟ್ಟವನು ನಾನು. ಆ ಹುಡುಗಿ ಈಗ ವಿಭಾಗದ ಮುಖ್ಯಸ್ಥೆ. ಓದಿ ಸಂತೋಷವಾಯಿತು.

ಇಲ್ಲಿ ಮಗಳ ಮನೆಯಲ್ಲಿ ಚೆನ್ನಾಗಿದ್ದೇನೆ. ಮಹಡಿಯ ಮೇಲೆ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಎದುರಿಗೆ ಬಟ್ಟೆ ಒಗೆಯುವ ಅಂಗಡಿ. ದಿನವಿಡೀ ಮಿಷನ್ನು ತಿರುಗುವುದನ್ನು ನೋಡುತ್ತಿರುತ್ತೇನೆ. ಕಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಅಕ್ಷರ ಇಷ್ಟು ದಪ್ಪ.

ಸರ್ಟಿಫಿಕೇಟಿನ ವಿಷಯ. ಫಾರಂ ಓದಿದೆ. 'ಮೇಲ್ಕಂಡ ಹತ್ತೂ ಪ್ರಕರಣಗಳನ್ನು ನಾನು ಸ್ವತಂತ್ರವಾಗಿ ಪರಿಶೀಲಿಸಿದ್ದೇನೆ' ಎಂದು ಸಹಿಯ ಮೇಲೆ ಅಚ್ಚಾಗಿದೆ. ಹತ್ತೂ ಕೇಸಿನ ಹೆಸರು ಹಾಕಲೇಬೇಕೇ? ಯಾವ ಹತ್ತು ಎಂದು ನೀನು ಬರೆದಿಲ್ಲ. ಸ್ವಲ್ಪ ತಿಳಿಸು. ಅವಸರವೇನಿಲ್ಲವಷ್ಟೆ?

ನಿನ್ನ ಮೇಷ್ಟ್ರು

---

ಫೆಬ್ರವರಿ 10

ಮೇಷ್ಟ್ರಿಗೆ ನಮಸ್ಕಾರಗಳು.

ಅವಸರವಿದೆ. ಮಾರ್ಚ್ ಐದರೊಳಗೆ ಅರ್ಜಿ ಸೇರಬೇಕು.

ಪಟ್ಟಿ ಇದರ ಜೊತೆಗಿದೆ. ಮೊದಲನೆಯದು ಯಾವುದೆಂದು ನಾನು ಹೇಳಬೇಕಾಗಿಯೇ ಇಲ್ಲ: ಕಿಟಕಿ ಗಾಜಿನ ಕೇಸು. ನನ್ನ ಎರಡನೆಯ ವರ್ಷ. ವಯಸ್ಸಾದ ಗಂಡ ಹೆಂಡತಿ ಇದ್ದ ಮನೆಗೆ ಯಾರೋ ನುಗ್ಗಿ, ಅಡ್ಡ ಬಂದ ಯಜಮಾನರನ್ನು ತಳ್ಳಿ ಸೊಂಟ ಮುರಿದಿದ್ದರು. ಕಿಟಕಿಯ ಗಾಜಿನ ಮೇಲೆ ಒಂದೇ ಒಂದು ಅರ್ಧಂಬರ್ಧ ಅಚ್ಚು. ಪಕ್ಕದ ಮನೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರನ ಬಲಗೈ ಉಂಗುರದ ಬೆರಳಿಗೆ ಅದು ಹೊಂದುತ್ತದೆ ಎಂದು ಕಂಡುಹಿಡಿದವಳು ನಾನು. ಅವನಿಗೆ ಏಳು ವರ್ಷವಾಯಿತು. ಪತ್ರಿಕೆಯಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ. ಆ ತುಣುಕು ಈಗಲೂ ಮೇಜಿನ ಗಾಜಿನ ಕೆಳಗಿದೆ.

ಮೇಷ್ಟ್ರೇ, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಬೀಳ್ಕೊಡುಗೆಗೆ ನಾನು ಬರಲಿಲ್ಲ ಎಂಬ ಕೋಪ ಇನ್ನೂ ಇದೆಯೇ? ಅವತ್ತು ನಿಜಕ್ಕೂ ಕೋರ್ಟಿತ್ತು. ಅದಕ್ಕಾಗಿ ಈ ಸಹಿಯನ್ನು ಎಳೆದಾಡುತ್ತಿದ್ದರೆ ನೇರವಾಗಿ ಬೈದು ಬರೆಯಿರಿ. ಬೈಸಿಕೊಂಡು ಅಭ್ಯಾಸವಿದೆ.

ಗುಬ್ಬಿ

---

ಫೆಬ್ರವರಿ 26

ಗುಬ್ಬಿ,

ಕೋಪವೇನೂ ಇಲ್ಲ. ಸರ್ಟಿಫಿಕೇಟು ಕಳಿಸಿದ್ದೇನೆ.

ಪಟ್ಟಿಯಲ್ಲಿ ಮೊದಲನೆಯದಕ್ಕೆ ಗೆರೆ ಎಳೆದು, ಅದರ ಬದಲು ಸೈಕಲ್ ಅಂಗಡಿಯ ಕೇಸು ಬರೆದಿದ್ದೇನೆ. ಕಿಟಕಿ ಗಾಜಿನದು ಹಳೆಯದಾಯಿತು, ಫೈಲು ಎಲ್ಲಿದೆಯೋ ಏನೋ. ಹತ್ತು ಬೇಕು, ಹತ್ತಿವೆ.

ಪರೀಕ್ಷೆ ಚೆನ್ನಾಗಿ ಬರೆ.

ಮೇಷ್ಟ್ರು

---

ಮಾರ್ಚ್ 20

ಮೇಷ್ಟ್ರಿಗೆ,

ಸರ್ಟಿಫಿಕೇಟು ಸಿಕ್ಕಿತು. ಉಪಕಾರವಾಯಿತು.

ಫೈಲು ಎಲ್ಲಿಯೂ ಹೋಗಿಲ್ಲ, ದಾಖಲೆ ಕೋಣೆಯ ನಾಲ್ಕನೆಯ ಕಪಾಟಿನಲ್ಲಿದೆ. ಸೈಕಲ್ ಅಂಗಡಿಯ ಕೇಸನ್ನು ಯಾರು ಬೇಕಾದರೂ ಮಾಡುತ್ತಿದ್ದರು, ಹ್ಯಾಂಡಲಿನ ಮೇಲೆ ಐದೂ ಬೆರಳು ಕೂತಿದ್ದವು. ನನ್ನ ಕೆಲಸದಲ್ಲಿ ಎದ್ದು ಕಾಣುವುದನ್ನೇ ಹುಡುಕಿ ಹೊಡೆದು ಹಾಕಿದಿರಿ. ಅವತ್ತು ಪತ್ರಿಕೆಯವರು ನನ್ನ ಹೆಸರು ಮಾತ್ರ ಹಾಕಿ ನಿಮ್ಮದನ್ನು ಬಿಟ್ಟದ್ದು ನಿಮಗೆ ಹಿಡಿಸಲಿಲ್ಲ ಎಂದು ಆಗಲೇ ಫೋಟೋ ವಿಭಾಗದವರು ಹೇಳಿದ್ದರು. ನಾನು ನಂಬಿರಲಿಲ್ಲ.

ಬರವಣಿಗೆಯ ಪರೀಕ್ಷೆ ಮುಗಿಯಿತು. ಸಂಖ್ಯಾಶಾಸ್ತ್ರ ಗಂಟಲಿಗೆ ಸಿಕ್ಕಿಕೊಂಡಿತ್ತು, ಹೇಗೋ ನುಂಗಿದೆ. ಪ್ರಾಯೋಗಿಕದ ಬಗ್ಗೆ ನನಗೆ ಚಿಂತೆಯಿಲ್ಲ.

ಗುಬ್ಬಿ

---

ಏಪ್ರಿಲ್ 30

ಮೇಷ್ಟ್ರಿಗೆ,

ಪ್ರಾಯೋಗಿಕ ಪರೀಕ್ಷೆ ಆಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಹೊಸ ಮಂಡಳಿ ನೋಡಿ, ಎಲ್ಲವೂ ನಿಧಾನ. ಇಲ್ಲಿ ಎಲ್ಲರೂ ಕ್ಷೇಮ. ಕಳೆದ ಕಾಗದದಲ್ಲಿ ಏನೇನೋ ಬರೆದುಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಗುಬ್ಬಿ

---

ಮೇ 14

ಪ್ರೀತಿಯ ಗುಬ್ಬಿಗೆ ಆಶೀರ್ವಾದಗಳು.

ಇಷ್ಟು ಹೊತ್ತಿಗೆ ಫಲಿತಾಂಶ ಬಂದಿರಬೇಕು. ನೀನು ಪಾಸಾಗಿರುತ್ತೀಯ, ಅದರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ಮಗಳಿಗೆ, 'ನನ್ನ ಕೈಯಲ್ಲಿ ಕಲಿತವಳಿಗೆ ಲೈಸೆನ್ಸ್ ಸಿಕ್ಕಿತಮ್ಮ' ಎಂದು ಹೇಳಿಯೂ ಬಿಟ್ಟೆ. ಅವಳು, 'ಅಪ್ಪಾ, ನಿಮ್ ಕಾಲ್ದಲ್ಲಿ ಈ ಪರೀಕ್ಷೆ ಇದ್ದಿದ್ರೆ ನೀವೇ ಫಸ್ಟ್ ಬರ್ತಿದ್ರಿ' ಎಂದಳು. ಕಾಫಿ ಕುಡಿಯುವ ನೆಪದಲ್ಲಿ ತಲೆ ತಗ್ಗಿಸಿದೆ.

ನಿಜ ಹೇಳಬೇಕೆಂದರೆ, ಮೂವತ್ತು ಜೋಡಿಯ ಪರೀಕ್ಷೆ ಎಂದು ನೀನು ಬರೆದಾಗಿನಿಂದ ನಾನೇ ಬರೆಯುವವನಂತೆ ಒಳಗೊಳಗೇ ದಿಗಿಲಾಗಿತ್ತು. ನೀನು ಅದರಲ್ಲಿ ಗೆದ್ದರೆ ನಿನ್ನ ಕಣ್ಣು ಸರಿಯಾಗಿದೆ ಎಂದಾಯಿತು. ಈಗ ಸರಿಯಾಗಿದೆ ಎಂದರೆ ಆಗಲೂ ಸರಿಯಾಗಿತ್ತು. ಅಷ್ಟಾದರೆ ನನಗೆ ನೆಮ್ಮದಿ. ಯಾಕೆ ಎಂದು ಕೇಳಬೇಡ, ಮುದುಕರ ಲೆಕ್ಕಾಚಾರ.

ಲೈಸೆನ್ಸಿನ ಒಂದು ಪ್ರತಿ ಕಳಿಸು. ಗೋಡೆಗೆ ಹಾಕುತ್ತೇನೆ.

ನಿನ್ನ ಮೇಷ್ಟ್ರು

---

ಜೂನ್ 3

ಮೇಷ್ಟ್ರೇ,

ಗೋಡೆಗೆ ಹಾಕಲು ಏನೂ ಇಲ್ಲ. ಏಪ್ರಿಲ್ ಮೂವತ್ತರಂದು ನಿಮಗೆ ಸುಳ್ಳು ಬರೆದೆ. ಅವತ್ತಿಗೆ ಫಲಿತಾಂಶ ಬಂದು ಮೂರು ದಿನವಾಗಿತ್ತು. ನಾನು ಫೇಲು.

ಮೂವತ್ತರಲ್ಲಿ ಇಪ್ಪತ್ತೊಂಬತ್ತು ಸರಿ. ಹದಿನೇಳನೆಯ ಜೋಡಿ ತಪ್ಪು. ಎರಡು ಬೇರೆ ಬೇರೆ ಜನರ ಬೆರಳನ್ನು ಒಂದೇ ಎಂದು ಬರೆದೆ. 'ಹೇಳಲಾಗದು' ಎಂದು ಎಷ್ಟು ಸಲ ಬರೆದರೂ ಅಂಕವಷ್ಟೇ ಕಡಿಮೆ. ಆದರೆ ಒಬ್ಬರ ಬೆರಳನ್ನು ಇನ್ನೊಬ್ಬರದೆಂದು ಒಮ್ಮೆ ಬರೆದರೂ ಫೇಲು ಎಂಬುದು ನಿಯಮ. ಸರಿಯಾದ ನಿಯಮವೇ.

ನಿರ್ದೇಶಕರು ಕರೆದು ಬಾಗಿಲು ಮುಂದೆ ಮಾಡಿದರು. 'ಮೇಡಂ, ಯಾರಿಗೂ ಹೇಳೋಕೆ ಹೋಗ್ಬೇಡಿ. ಡಿಸೆಂಬರಲ್ಲಿ ಇನ್ನೊಂದ್ಸಲ ಬರೀರಿ' ಎಂದರು. ಹೊರಗೆ ಬಂದರೆ ಮೇಜಿನ ಮೇಲೆ ಹೂಗುಚ್ಛ. ನಾನು ಪಾಸಾಗಿದ್ದೇನೆಂದುಕೊಂಡು ಎಲ್ಲರೂ ಸೇರಿ ತಂದಿಟ್ಟಿದ್ದರು. ನಮ್ಮ ವಿಭಾಗಕ್ಕೆ ನಾಲ್ಕು ವರ್ಷದ ಹಿಂದೆ ಸೇರಿದ, ನಾನೇ ಕೈಹಿಡಿದು ಕಲಿಸಿದ ಚಿಕ್ಕವಳು ಪಾಸಾಗಿದ್ದಳು. ಹೂಗುಚ್ಛ ತೆಗೆದು ಅವಳ ಕೈಗೆ ಕೊಟ್ಟೆ. ಅವಳಿಗೆ ಎಲ್ಲ ಗೊತ್ತಾಯಿತು. ಮುಖ ನೋಡದೆ 'ಥ್ಯಾಂಕ್ಸ್ ಮೇಡಂ' ಎಂದಳು. ಮನೆಯಲ್ಲಿ ನಮ್ಮ ಯಜಮಾನರಿಗೂ ಹೇಳಿಲ್ಲ. ದಿನಾ ಸಂಜೆ, 'ಬಂತಾ?' ಎನ್ನುತ್ತಾರೆ. 'ಇನ್ನೂ ಇಲ್ಲ' ಎನ್ನುತ್ತೇನೆ. ಐದು ವಾರದಿಂದ ಇದೇ ನಡೆದಿದೆ.

ಇಷ್ಟೇ ಆಗಿದ್ದರೆ ನಾಚಿಕೆಯೊಂದೇ ಇರುತ್ತಿತ್ತು. ಪರೀಕ್ಷಕರು ಎರಡು ಸಾಲು ಬರೆದು ಕಳಿಸಿದ್ದರು: 'ಅಭ್ಯರ್ಥಿ ಮೊದಲು ಹೋಲಿಕೆಯನ್ನು ಹುಡುಕುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸಕ್ಕೆ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ.' ಹದಿನೇಳನೆಯ ಜೋಡಿಯಲ್ಲಿ ಒಂದು ಸಣ್ಣ ಗೆರೆ ಹೆಚ್ಚಿಗಿತ್ತು. ನೋಡಿದ್ದೆ. ಬೆರಳು ಒತ್ತಿದ್ದು ಜಾಸ್ತಿಯಾಗಿರಬೇಕು ಎಂದುಕೊಂಡು ಮುಂದೆ ಹೋಗಿದ್ದೆ.

ಆ ಎರಡು ಸಾಲು ಓದುತ್ತಿದ್ದ ಹಾಗೇ ಪೇಂಟರ್ ನೆನಪಾದ. ಕೋರ್ಟಿನಲ್ಲಿ ಅವನ ವಕೀಲರು, 'ಇಲ್ಲೊಂದು ಗೆರೆ ಕವಲೊಡೆದಿದೆ, ಆರೋಪಿಯ ಬೆರಳಲ್ಲಿ ಆ ಕವಲು ಎಲ್ಲಿದೆ?' ಎಂದು ಕೇಳಿದ್ದರು. 'ಥಿನ್ನರ್, ಉಜ್ಜುವ ಕಾಗದ ಹಿಡಿದು ಹಿಡಿದು ಪೇಂಟರುಗಳ ಬೆರಳ ಗೆರೆ ಸವೆದಿರುತ್ತೆ' ಎಂದು ನಾನು ಹೇಳಿದ್ದೆ. ಜಡ್ಜು ತಲೆದೂಗಿದ್ದರು. ನನಗಾಗ ಇಪ್ಪತ್ತಾರು ವರ್ಷ. ಆ ಉತ್ತರ ಹೊಳೆದದ್ದಕ್ಕೆ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಕಳೆದ ಸೋಮವಾರ ಆ ಫೈಲು ತರಿಸಿದೆ. ಮೊದಲು ಗಾಜಿನ ಅಚ್ಚನ್ನು ಮಾತ್ರ ಇಟ್ಟುಕೊಂಡು ಕಂಡದ್ದನ್ನೆಲ್ಲ ಬರೆದುಕೊಂಡೆ. ಅವನ ಬೆರಳಿನ ಕಾಗದ ಆಮೇಲೆ ತೆಗೆದೆ. ಮಂಡಳಿಯವರು ಹೇಳುವುದು ಹಾಗೆ, ಇದು ಮೊದಲು, ಅದು ಆಮೇಲೆ. ಮೇಷ್ಟ್ರೇ, ಕವಲು ಮಾತ್ರವಲ್ಲ. ಎಡಗಡೆ ಎರಡು ಕಡೆ ಗೆರೆ ನಿಲ್ಲುವ ಜಾಗವೂ ಬೇರೆ. ಅದು ಸವೆದದ್ದಲ್ಲ. ಅದು ಅವನ ಬೆರಳೇ ಅಲ್ಲ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: 'ನಿಮ್ಮ ಹಿಂದಿನ ಯಾವುದಾದರೂ ವರದಿ ತಪ್ಪೆಂದು ನಂಬಲು ಕಾರಣವಿದೆಯೇ?' ಜನವರಿಯಲ್ಲಿ ಯೋಚಿಸದೆ 'ಇಲ್ಲ' ಎಂದು ಗುರುತು ಹಾಕಿದ್ದೆ. ನಿರ್ದೇಶಕರ ಹತ್ತಿರ ಮೆಲ್ಲಗೆ ವಿಷಯ ತೆಗೆದೆ. 'ಅವನು ಹೊರಗೆ ಬಂದು ಹನ್ನೆರಡು ವರ್ಷ ಆಯ್ತು. ಈಗ ಕೆದಕಿ ಯಾರಿಗೇನು ಸಿಗುತ್ತೆ? ನಿಮ್ಮ ಇಪ್ಪತ್ತೊಂದು ವರ್ಷದ ವರದಿ ಎಲ್ಲಾ ಬೀದಿಗೆ ಬರುತ್ತೆ' ಎಂದರು. ಅವರ ಮಾತು ಕೇಳಲು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

ಆ ವರದಿಯ ಕೆಳಗೆ ಎರಡು ಸಹಿಗಳಿವೆ. ನೋಡಿದವಳು ನಾನು, ಮತ್ತೊಮ್ಮೆ ನೋಡಿ ಖಾತ್ರಿ ಮಾಡಿದವರು ನೀವು. ನಿಮ್ಮ ಕಣ್ಣು ತಪ್ಪುವುದಿಲ್ಲ ಎಂದೇ ನಾನು ಕೋರ್ಟಿನಲ್ಲಿ ಅಷ್ಟು ಧೈರ್ಯವಾಗಿ ನಿಂತಿದ್ದೆ. ನಿಮಗೆ ಆ ಕವಲು ಕಾಣಲಿಲ್ಲವೇ?

ಗುಬ್ಬಿ

---

ಜೂನ್ 29

ಗುಬ್ಬಿ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ನೋಡಲೇ ಇಲ್ಲ.

ಅವತ್ತು ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನವಾಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದೆ. ನೀನು ಎರಡು ದೊಡ್ಡ ಫೋಟೋ ಮೇಜಿನ ಮೇಲೆ ಹರಡಿ, 'ಮೇಷ್ಟ್ರೇ, ಸಿಕ್ಕಿಬಿಟ್ಟ' ಎಂದೆ. ಮುಖವೆಲ್ಲ ನಗು. ನಿಂತುಕೊಂಡೇ ಸಹಿ ಹಾಕಿದೆ. ಮಸೂರ ಡ್ರಾಯರಿನಿಂದ ತೆಗೆಯಲಿಲ್ಲ. ನಾಳೆ ಕೂತು ನೋಡಿದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ.

ಇದನ್ನು ಓದಿ ನೀನು, ಪಾಪ, ಹೆಂಡತಿಗೆ ಹುಷಾರಿರಲಿಲ್ಲ ಎಂದುಕೊಳ್ಳುತ್ತೀಯ. ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತದೆ. ಆದರೆ ಇನ್ನೂ ಇದೆ.

ಅವಳು ಹೋಗಿ ಎರಡು ವರ್ಷವಾದ ಮೇಲೆ, ಹೊಸಬರಿಗೆ ಪಾಠಕ್ಕೆಂದು ಹಳೆಯ ಫೈಲುಗಳನ್ನು ತೆಗೆಸಿದ್ದೆ. ಅದರಲ್ಲಿ ಕಿಟಕಿ ಗಾಜಿನದೂ ಇತ್ತು. ಆಗ ನೋಡಿದೆ. ಕೂತು, ಮಸೂರ ಇಟ್ಟು, ಅರ್ಧ ದಿನ ನೋಡಿದೆ. ನೀನು ಹೇಳುವ ಕವಲು ನನಗೂ ಕಂಡಿತು. ಫೈಲು ಮುಚ್ಚಿ ದಾರ ಕಟ್ಟಿ ವಾಪಸ್ಸು ಕಳಿಸಿದೆ. ಪಾಠಕ್ಕೆ ಬೇರೆ ಕೇಸು ತೆಗೆದುಕೊಂಡೆ. ಅವನಾಗ ಒಳಗಿದ್ದ, ಗುಬ್ಬಿ. ನಾನು ಒಂದು ಕಾಗದ ಬರೆದಿದ್ದರೆ ನಾಲ್ಕು ವರ್ಷ ಮೊದಲೇ ಹೊರಗೆ ಬರುತ್ತಿದ್ದ.

ಯಾಕೆ ಬರೆಯಲಿಲ್ಲ ಎಂದು ಇಷ್ಟು ವರ್ಷ ಒಂದಲ್ಲ ಒಂದು ಕಾರಣ ಹೇಳಿಕೊಂಡಿದ್ದೇನೆ. ನಿನ್ನ ಹೆಸರು ಕೆಡುತ್ತದೆ, ಲ್ಯಾಬಿನ ಹೆಸರು ಕೆಡುತ್ತದೆ ಎಂದು. ನಿಜವಾದ ಕಾರಣ, ನನ್ನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅದನ್ನು ಬಿಡಲು ಆಗಲಿಲ್ಲ.

ನೀನು ಕಳಿಸಿದ ಪಟ್ಟಿಯಲ್ಲಿ ಅದೊಂದಕ್ಕೆ ಮಾತ್ರ ಗೆರೆ ಎಳೆದದ್ದು ಇದಕ್ಕೆ. ಇನ್ನೊಂದು ಸಲ ಅದೇ ಸುಳ್ಳಿಗೆ ಸಹಿ ಹಾಕಲು ಕೈ ಬರಲಿಲ್ಲ, ನಿಜ ಹೇಳಲು ಬಾಯಿಯೂ ಬರಲಿಲ್ಲ. ಆಮೇಲೆ ನೀನು ಪಾಸಾಗುತ್ತೀಯ ಎಂದು ಕಾಯುತ್ತಾ ಕೂತೆ. ನೀನು ಪಾಸಾದರೆ ಬಹುಶಃ ನನ್ನ ಕಣ್ಣೇ ತಪ್ಪಿರಬಹುದು ಎಂದು ನಂಬಿಕೊಳ್ಳಬಹುದಿತ್ತು.

ಮುಂದೇನು ಮಾಡಬೇಕೆಂದು ನಿನಗೆ ಹೇಳುವ ಯೋಗ್ಯತೆ ನನಗಿಲ್ಲ.

---

ಜುಲೈ 9

ಮಾನ್ಯರೇ,

ನಿಮ್ಮ ಜೂನ್ 29ರ ಕಾಗದ ತಲುಪಿದೆ. ಮಂಡಳಿಗೂ ನ್ಯಾಯಾಲಯಕ್ಕೂ ಹೇಳಿಕೆ ಬರೆದು ಕೊಟ್ಟಿದ್ದೇನೆ. ಅದರಲ್ಲಿ ನಿಮ್ಮ ಹೆಸರೂ ಇದೆ. ನಿಮ್ಮ ಕಾಗದದ ಪ್ರತಿಯನ್ನು ಲಗತ್ತಿಸಿದ್ದೇನೆ.

ನಾನು ತಪ್ಪು ನೋಡಿದೆ. ಅದು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ನೀವು ಸರಿಯಾಗಿ ನೋಡಿಯೂ ಸುಮ್ಮನಿದ್ದಿರಿ. ಆಮೇಲೆ ಏಳು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಟೀ ಕುಡಿದಿರಿ.

ನಿಮ್ಮ ಸರ್ಟಿಫಿಕೇಟನ್ನು ಮಂಡಳಿಯಿಂದ ಹಿಂದಕ್ಕೆ ಪಡೆದು ಇದರ ಜೊತೆ ವಾಪಸ್ಸು ಕಳಿಸಿದ್ದೇನೆ.

ಬೆರಳಚ್ಚು ವಿಭಾಗ

---

ಆಗಸ್ಟ್ 2

ಗುಬ್ಬಿ,

ನೀನು ಮಾಡಿದ್ದು ಸರಿ. ಕೋರ್ಟಿನಿಂದ ನನಗೂ ಕರೆ ಬಂದಿದೆ, ಅಕ್ಟೋಬರ್ 24ಕ್ಕೆ. ವಯಸ್ಸಾಗಿದೆ, ಬರಹದಲ್ಲಿ ಹೇಳಿಕೆ ಕೊಟ್ಟರೂ ನಡೆಯುತ್ತದೆ ಎಂದಿದ್ದಾರೆ. ಬರಹದಲ್ಲಿ ಬೇಡ. ನಾನೇ ಬರುತ್ತೇನೆ. ಸ್ಟೇಷನ್ನಿಗೆ ಯಾರನ್ನೂ ಕಳಿಸಬೇಡ.

---

ನವೆಂಬರ್ 8

ಮೇಷ್ಟ್ರಿಗೆ ನಮಸ್ಕಾರಗಳು.

ಮತ್ತೆ ಹೀಗೆ ಬರೆಯುತ್ತೇನೆ ಎಂದುಕೊಂಡಿರಲಿಲ್ಲ. ಅವತ್ತು ಕೋರ್ಟಿನಲ್ಲಿ ನಿಮ್ಮ ಹತ್ತಿರ ಮಾತನಾಡಲಿಲ್ಲ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು, ನಡುವೆ ನಿಮ್ಮ ಚೀಲ. ಈಗ ಬರೆಯುತ್ತಿರುವುದು ನಿಮ್ಮನ್ನು ಕ್ಷಮಿಸಿದ್ದೇನೆ ಎಂದಲ್ಲ. ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ನಿಮ್ಮ ಸರದಿ ಬಂದಾಗ ಜಡ್ಜಿನ ಪ್ರಶ್ನೆ ನಿಮಗೆ ಕೇಳಿಸಲಿಲ್ಲ. ಗುಮಾಸ್ತ ಕಿವಿಯ ಹತ್ತಿರ ಬಂದು ಕೂಗಿ ಹೇಳಿದ. ಕಿವಿ ಕೇಳದವರು ಮಾತನಾಡುವ ಹಾಗೆ ನೀವೂ ಗಟ್ಟಿಯಾಗಿ, 'ನೋಡದೇ ಸಹಿ ಹಾಕಿದೆ. ಆಮೇಲೆ ನೋಡಿದೆ. ನೋಡಿ ಸುಮ್ನಿದ್ದೆ' ಎಂದಿರಿ. ಹೊರಗಿನ ಮೊಗಸಾಲೆಯವರೆಗೂ ಕೇಳಿಸಿತಂತೆ. ನಾನು ಹೇಳುವಾಗ ನನ್ನ ದನಿ ಮುಂದಿನ ಸಾಲಿಗೂ ಮುಟ್ಟಿರಲಿಲ್ಲ. ಎರಡು ಸಲ ಮತ್ತೆ ಹೇಳಿಸಿದರು. ತೀರ್ಪು ಓದಿದ ಮೇಲೆ ಪೇಂಟರ್ ಎದ್ದು, ನಮ್ಮ ಕಡೆ ನೋಡದೆ ಹೊರಟುಹೋದ. ನಿಮ್ಮ ಹಾಗೆ ಕೂದಲೆಲ್ಲ ಬೆಳ್ಳಗಾಗಿದೆ, ವಯಸ್ಸು ಐವತ್ತೂ ಇಲ್ಲ.

ನನ್ನ ವಿಷಯ: ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ತರಬೇತಿಯನ್ನು ಮೊದಲಿನಿಂದ, ಲೈಸೆನ್ಸ್ ಇರುವವರ ಕೈಕೆಳಗೆ ಮಾಡಬೇಕು. ನಮ್ಮ ವಿಭಾಗದಲ್ಲಿ ಲೈಸೆನ್ಸ್ ಇರುವುದು ಚಿಕ್ಕವಳಿಗೆ. 'ಮೇಡಂ, ನಾನು ಬೇರೆಯವರನ್ನ ಕೇಳ್ತೀನಿ, ನಿಮಗೆ ಕಷ್ಟ ಆಗುತ್ತೆ' ಎಂದಳು. 'ಬೇಡಮ್ಮ, ನೀನೇ ಕಲಿಸು' ಎಂದೆ. ಅಲ್ಲಿಯವರೆಗೆ ನನ್ನನ್ನು ದಾಖಲೆ ಕೋಣೆಗೆ ಹಾಕಿದ್ದಾರೆ. ನನ್ನ ಹಳೆಯ ವರದಿಗಳನ್ನೆಲ್ಲ ಬೇರೆ ಲ್ಯಾಬಿನವರು ಒಂದೊಂದಾಗಿ ತೆಗೆದು ನೋಡುತ್ತಿದ್ದಾರೆ. ಅವರಿಗೆ ಫೈಲು ಎತ್ತಿಕೊಡುವವಳು ನಾನೇ. ಮನೆಯಲ್ಲಿ ಹೇಳಿದೆ. ಯಜಮಾನರು ಬೈಯಲಿಲ್ಲ. 'ಇಷ್ಟು ದಿನ ದಿನಾ ಕೇಳ್ತಿದ್ನಲ್ಲ, ಒಂದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?' ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮಗೆ ಹೇಳಬೇಕಾದದ್ದು. ಮೊನ್ನೆ ಗುರುವಾರ ಮಧ್ಯಾಹ್ನ ಪೇಂಟರ್ ದಾಖಲೆ ಕೋಣೆಗೆ ಬಂದ. ಶಿಕ್ಷೆ ರದ್ದಾದ ಮೇಲೆ ಅವನ ಹತ್ತು ಬೆರಳಿನ ಕಾಗದ ನಾವು ಇಟ್ಟುಕೊಳ್ಳುವಂತಿಲ್ಲ. ಅದನ್ನು ಕೇಳಿ ಪಡೆಯುವ ಹಕ್ಕು ಅವನಿಗಿದೆ. ಕೌಂಟರಿನ ಆಚೆ ಅವನು, ಈಚೆ ನಾನು.

'ಕೂತ್ಕೊಳಿ' ಎಂದೆ.

'ಪರವಾಗಿಲ್ಲ, ನಿಂತೇ ಇರ್ತೀನಿ. ಯಾವ ಬೆರಳು ಅಂತ ತೋರಿಸ್ತೀರಾ?'

ಎರಡು ಫೋಟೋಗಳನ್ನೂ ತಂದು ಇಟ್ಟು ಮಸೂರ ಕೊಟ್ಟೆ. ಹೇಗೆ ಹಿಡಿಯಬೇಕೆಂದು ತೋರಿಸಿದೆ. ಎಷ್ಟೋ ಹೊತ್ತು ಬಗ್ಗಿ ನೋಡಿದ. ಎಲ್ಲಿ ಕವಲು, ಎಲ್ಲಿ ಗೆರೆ ನಿಲ್ಲುತ್ತದೆ, ಎಲ್ಲವನ್ನೂ ಕೇಳಿದ. ತನ್ನ ಬೆರಳನ್ನೂ ಬೆಳಕಿಗೆ ಹಿಡಿದು ನೋಡಿಕೊಂಡ. ಅವನ ಗೆರೆಗಳು ಅಷ್ಟೇನೂ ಸವೆದಿರಲಿಲ್ಲ, ಮೇಷ್ಟ್ರೇ. ಅವತ್ತು ನಾನು ಅವನ ಕೈಯನ್ನೂ ಸರಿಯಾಗಿ ನೋಡಿರಲಿಲ್ಲ.

'ಇದು ನಂದು. ಹಾಗಾದ್ರೆ ಗಾಜಿನ ಮೇಲಿಂದು ಯಾರದು?'

'ಗೊತ್ತಿಲ್ಲ.'

'ಹುಡುಕ್ಲಿಲ್ವಾ?'

'ನೀವು ಸಿಕ್ಕಿದ್ರಿ ಅಂತ ಹುಡುಕೋದು ನಿಲ್ಲಿಸ್ಬಿಟ್ವಿ.'

ಅವನು ಮಸೂರವನ್ನು ಮೆಲ್ಲಗೆ ಕೆಳಗಿಟ್ಟ. ನಾನು ಅಲ್ಲಿಯವರೆಗೆ ಹತ್ತು ರೀತಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಹೋಯಿತು. 'ನನ್ನಿಂದ ತಪ್ಪಾಯ್ತು' ಎಂದಷ್ಟೇ ಹೇಳಿದೆ.

'ಗೊತ್ತು. ತೀರ್ಪಲ್ಲಿ ಬರ್ದಿದಾರೆ. ನಾನೇ ಓದ್ದೆ, ಯಾರ ಕೈಲೂ ಓದಿಸ್ಲಿಲ್ಲ' ಎಂದ. ಆಮೇಲೆ, 'ನಿಮ್ಮ ಹೆಸರು ಬರೋ ಜಾಗ ಎರಡು ಸಲ ಓದ್ದೆ' ಎಂದ.

ಪಡೆದುಕೊಂಡದ್ದಕ್ಕೆ ರಿಜಿಸ್ಟರಿನಲ್ಲಿ ಗುರುತು ಹಾಕಬೇಕು. ಹಳೆಯ ಫೈಲಿನಲ್ಲೆಲ್ಲ ಅವನದು ಹೆಬ್ಬೆಟ್ಟೇ ಇದ್ದದ್ದರಿಂದ ನಾನು ಯೋಚಿಸದೆ ಇಂಕಿನ ಪ್ಯಾಡು ಅವನ ಕಡೆ ತಳ್ಳಿದೆ. ಅವನು ಅದನ್ನು ನೋಡಿದ. ನಾನು ಏನು ಮಾಡಿದೆನೆಂದು ನನಗೆ ಆಗ ತಿಳಿಯಿತು.

'ಪೆನ್ನು ಕೊಡಿ' ಎಂದ. 'ಒಳಗೆ ಕಲಿಸಿದ್ರು. ಅಲ್ಲೂ ಪರೀಕ್ಷೆ ಇತ್ತು. ಒಂದೇ ಸಲಕ್ಕೆ ಪಾಸಾದೆ.'

ಒಂದೊಂದೇ ಅಕ್ಷರ ಒತ್ತಿ ಬರೆದು ಸಹಿ ಮಾಡಿದ. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಇಳಿದು ಹೋದ. ಪ್ಯಾಡು ಇನ್ನೂ ಕೌಂಟರಿನ ಮೇಲೇ ತೆರೆದಿತ್ತು.

ಗುಬ್ಬಿ

---

ನವೆಂಬರ್ 21

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದ ಬಂದ ದಿನವೇ ಓದಿದೆ. ಆಮೇಲೆ ಒಂದು ಕೆಲಸ ಮಾಡಿದೆ, ಅದನ್ನು ಬರೆಯುತ್ತೇನೆ.

ಅಕ್ಟೋಬರಿನಲ್ಲಿ ಕೋರ್ಟಿಗೆ ಹೊರಟಾಗ ಮನೆಯಲ್ಲಿ ನಿಜ ಹೇಳಿರಲಿಲ್ಲ. ಹಳೆಯ ಇಲಾಖೆಯವರು ಸನ್ಮಾನಕ್ಕೆ ಕರೆದಿದ್ದಾರೆ ಎಂದಿದ್ದೆ. ಮಗಳು ಕೋಟಿಗೆ ಇಸ್ತ್ರಿ ಹಾಕಿ, ಶೂ ಒರೆಸಿ ಕಳಿಸಿದಳು. ವಾಪಸ್ಸು ಬಂದಾಗ, 'ಏನ್ ಕೊಟ್ರಪ್ಪಾ?' ಎಂದಳು. 'ಏನೋ ಕೊಟ್ಟರು, ರೈಲಲ್ಲಿ ಮರೆತೆ' ಎಂದೆ. ಅವಳು ಎರಡು ದಿನ ರೈಲ್ವೆಯವರಿಗೆ ಫೋನು ಮಾಡಿ ಹುಡುಕಿಸಿದಳು. ಅದನ್ನೂ ನೋಡುತ್ತಾ ಸುಮ್ಮನಿದ್ದೆ.

ನಿನ್ನ ಈ ವರ್ಷದ ಕಾಗದಗಳೆಲ್ಲ ನನ್ನ ಪೆಟ್ಟಿಗೆಯಲ್ಲಿದ್ದವು, ಬಟ್ಟೆಯ ಕೆಳಗೆ. ನಾನು ಬರೆದವುಗಳ ಕರಡೂ ಇದ್ದವು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ತಂದು ಅವಳ ಮುಂದಿಟ್ಟು, 'ಗಟ್ಟಿಯಾಗಿ ಓದಮ್ಮ, ನನಗೂ ಕೇಳಿಸ್ಬೇಕು' ಎಂದೆ. ಕಣ್ಣು ಕಾಣದೆ ಓದಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ಶುರು ಮಾಡಿದಳು. ಮೊದಮೊದಲು ಅಲ್ಲಲ್ಲಿ ನಕ್ಕಳು, ಕ್ಲಾಸಿನಲ್ಲಿ ಎಲ್ಲರೂ ಎದ್ದು ನಿಂತದ್ದಕ್ಕೆ. ಜೂನ್ ತಿಂಗಳಿಗೆ ಬರುವ ಹೊತ್ತಿಗೆ ದನಿ ಸಣ್ಣಗಾಯಿತು. ನನಗೆ ಕೇಳಿಸುತ್ತಿಲ್ಲ ಎಂದೆ. ಮತ್ತೆ ಜೋರು ಮಾಡಿದಳು.

ನಾನು ನಿಂತುಕೊಂಡೇ ಸಹಿ ಹಾಕಿದ ಕಡೆಗೆ ಬಂದಾಗ ಕಾಗದ ತೊಡೆಯ ಮೇಲೆ ಇಟ್ಟಳು. 'ಇದು ಅಮ್ಮನ ಆಸ್ಪತ್ರೆ ದಿನ ಅಲ್ವಾ ಅಪ್ಪಾ? ಆವಾಗ ನೀವು ಎಷ್ಟು ಒದ್ದಾಡ್ತಿದ್ರಿ ಅಂತ ನಂಗೆ ಗೊತ್ತು. ಯಾರಾಗಿದ್ರೂ ಹಾಗೇ ಮಾಡ್ತಿದ್ರು' ಎಂದು ನನ್ನ ಕೈ ಹಿಡಿದುಕೊಂಡಳು.

ಅಲ್ಲಿಗೇ ಬಿಟ್ಟಿದ್ದರೆ ಬಿಡಬಹುದಿತ್ತು, ಗುಬ್ಬಿ. ಅವಳ ಕೈ ಬೆಚ್ಚಗಿತ್ತು.

'ಇನ್ನೂ ಇದೆ' ಎಂದೆ. 'ಕೆಳಗಡೆ ಸಾಲು ಓದು.'

ಓದಿದಳು. ಓದುತ್ತಾ ಕೈ ಹಿಂದಕ್ಕೆ ತೆಗೆದುಕೊಂಡಳು.

ಮೇಷ್ಟ್ರು